ಬಿಸಿಲಲ್ಲಿ ಕಾಣದ ಬೆಂಕಿ

ಮೊದಲನೆಯ ಎಂಜಿನ್ನನ್ನು ಪ್ರಭು ಸುತ್ತಿಗೆಯಿಂದ ಜಜ್ಜಿ ಹಾಕಿದ. ಹೊಸದುರ್ಗದ ಹೊರಗೆ ಅವನ ಸಿಮೆಂಟ್ ಇಟ್ಟಿಗೆ ಕಾರ್ಖಾನೆಯ ಅಂಗಳದಲ್ಲಿ, ಕಬ್ಬಿಣದ ಅಚ್ಚಿನ ಮೇಲಿಟ್ಟು, ಮುಷ್ಟಿಯಷ್ಟಿದ್ದ ಆ ಎಂಜಿನ್ನಿನ ತಲೆ ಚಪ್ಪಟೆಯಾಗುವವರೆಗೂ ಹೊಡೆದ. ಕೆಲಸದವರು ಸಲಿಕೆ ಹಿಡಿದೇ ನಿಂತು ನೋಡಿದರು. ಕೊನೆಗೆ ಅವನು ಬೆವರು ಒರೆಸಿಕೊಂಡು ನಕ್ಕ. "ಇಷ್ಟೇ ಇದರ ಯೋಗ್ಯತೆ" ಅಂದು ಅದನ್ನು ಜಲ್ಲಿ ರಾಶಿಯ ಮೇಲೆಸೆದು, ಎಲ್ಲರಿಗೂ ಚಾ ತರಿಸಿದ.

ಅದು ಮಕ್ಕಳ ಆಟಿಕೆಯ ಎಂಜಿನ್ ಅಲ್ಲ. ರಿಮೋಟ್ ಹಿಡಿದು ಓಡಿಸುವ ರೇಸ್ ಕಾರಿನದು. ಕಾರು ಮೊಳದುದ್ದಕ್ಕಿಂತ ಸ್ವಲ್ಪ ದೊಡ್ಡದು, ಒಂದು ಸಣ್ಣ ಕುರಿಮರಿಯ ಭಾರ. ಒಳಗೆ ಮೂರೂವರೆ ಸಿಸಿಯ ಟೂ-ಸ್ಟ್ರೋಕ್ ಎಂಜಿನ್. ಮೆಥನಾಲ್, ನೈಟ್ರೊಮೀಥೇನ್, ಹರಳೆಣ್ಣೆ ಬೆರೆಸಿದ ಫ್ಯುಯಲ್ ಕುಡಿದು ಅದು ಮಣ್ಣಿನ ಹಾದಿಯಲ್ಲಿ ಬೈಕಿಗೆ ಸರಿಸಮ ಓಡುತ್ತದೆ. ಕಾರ್ಬುರೇಟರಿನ ಸೂಜಿ ತಿರುಪನ್ನು ಬಿಗಿದಷ್ಟೂ ಫ್ಯುಯಲ್ ಕಡಿಮೆಯಾಗಿ ಗಾಳಿ ಹೆಚ್ಚುತ್ತದೆ, ಕೂಗು ಏರುತ್ತದೆ, ವೇಗವೂ ಏರುತ್ತದೆ. ಆದರೆ ಎಂಜಿನ್ನಿಗೆ ಬೇಕಾದ ಎಣ್ಣೆ ಬರುವುದು ಆ ಫ್ಯುಯಲ್ ಜೊತೆಗೇ. ಬಿಗಿ ಹೆಚ್ಚಾದರೆ ಒಳಗೆಲ್ಲ ಕಾದು ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಬಿಗಿಯಬೇಡ ಎಂದು ಹನುಮೇಶ್ ಹೇಳಿದ್ದ. ಪ್ರಭು ಬಿಗಿದಿದ್ದ.

ಹನುಮೇಶ್ ಅವನ ಹೆಂಡತಿ ಯಮುನಾಳ ತಮ್ಮ. ಹೊಳಲ್ಕೆರೆಯಲ್ಲಿ ಕಳೆ ಕೊಚ್ಚುವ ಯಂತ್ರ, ಮರ ಕೊಯ್ಯುವ ಗರಗಸ, ಔಷಧಿ ಹೊಡೆಯುವ ಪಂಪು ಇಂಥವನ್ನು ರಿಪೇರಿ ಮಾಡುವ ಅಂಗಡಿ ಇಟ್ಟಿದ್ದ. ಭಾವನಿಗೆ ಈ ಹುಚ್ಚು ಹಿಡಿದ ಮೇಲೆ ಅವನಿಗೂ ಹಿಡಿಯಿತು. ಭಾನುವಾರ ಬಂತೆಂದರೆ ಇಬ್ಬರೂ ಜೀಪಿನ ಹಿಂದೆ ಕಾರು ಹಾಕಿಕೊಂಡು ಹೊರಡುತ್ತಿದ್ದರು. ಯಮುನಾ ಜೊತೆಗೆ ಚಿತ್ರಾನ್ನದ ಡಬ್ಬಿ ಹಿಡಿದು ಹೋಗುತ್ತಿದ್ದಳು, ಅಷ್ಟೇ. ಅವಳಿಗೆ ಹೊಸದುರ್ಗದ ಒಂದು ಖಾಸಗಿ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸವಿತ್ತು. ರೇಸಿನ ದಿನ ನೆರಳಲ್ಲಿ ಕುಳಿತು ಕಣ್ಣಿಗೆ ವಿಶ್ರಾಂತಿ ಕೊಡುವುದೇ ಅವಳಿಗೆ ಇಷ್ಟ.

ಎಂಜಿನ್ ಜಜ್ಜುವುದಕ್ಕೆ ಮುಂಚೆ, ಆ ವರ್ಷವೇ, ಲಾರಿಯಿಂದ ಇಟ್ಟಿಗೆ ಇಳಿಸುವಾಗ ಪ್ರಭು ಜಾರಿ ಬಿದ್ದು ಬಲಗೈ ಮೂಳೆ ಮುರಿದುಕೊಂಡ. ಕೈ ಪ್ಲಾಸ್ಟರಿನಲ್ಲಿತ್ತು, ರೇಸಿಗೆ ಹೆಸರು ಕೊಟ್ಟಾಗಿತ್ತು. "ಸುಮ್ನೆ ನಿಂತ್ಕಂಡು ಎರಡು ಸುತ್ತು ಓಡ್ಸು, ಹೆಸರು ಹೋಗಬಾರದು" ಎಂದು ರಿಮೋಟನ್ನು ಹೆಂಡತಿಯ ಕೈಗೆ ಕೊಟ್ಟ. ಪಿಸ್ತೂಲಿನ ಹಿಡಿಯಂಥ ರಿಮೋಟು ಅದು. ತೋರುಬೆರಳಿನಿಂದ ಕುದುರೆ ಎಳೆದರೆ ವೇಗ, ಮುಂದಕ್ಕೆ ತಳ್ಳಿದರೆ ಬ್ರೇಕು. ಇನ್ನೊಂದು ಕೈಯಲ್ಲಿ ಚಕ್ರ ತಿರುಗಿಸಬೇಕು.

ಅವಳು ಎರಡು ಸುತ್ತಲ್ಲ, ಪೂರ್ತಿ ರೇಸು ಓಡಿಸಿದಳು. ಹನುಮೇಶ್ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ತಿರುವಿನಲ್ಲಿ ಉಳಿದವರ ಕಾರುಗಳು ಕುಂಡೆ ಎಸೆದು ಹೊರಗೆ ಹೋಗುತ್ತಿದ್ದವು. ಇವಳ ಕಾರು ಒಳ ಅಂಚಿಗೆ ಅಂಟಿಕೊಂಡು ಮೆಲ್ಲಗೆ ಹೊರಳಿ ಬರುತ್ತಿತ್ತು. ಅವತ್ತು ಪ್ರಭು ಸಿಕ್ಕವರಿಗೆಲ್ಲ ಹೇಳಿದ: "ನಮ್ಮೆಂಗಸ್ರು ಕಣ್ರಿ. ನಾನೇ ಕಲಿಸಿದ್ದು." ಅವನ ಮುಖದಲ್ಲಿ ನಿಜವಾದ ಹೆಮ್ಮೆ ಇತ್ತು. ಅದೊಂದು ಹಂಗಾಮು ಅವರ ಮನೆಯಲ್ಲಿ ಅವಳಿಗೆ ತಿಳಿದಂತೆ ಅತ್ಯಂತ ಸುಖದ ಕಾಲ.

ಕೈ ಕೂಡಿಕೊಂಡ ಮೇಲೆ ಅವನು ರಿಮೋಟ್ ವಾಪಸು ತೆಗೆದುಕೊಂಡ. ಎರಡು ರೇಸಿನಲ್ಲಿ ಹಿಂದೆ ಬಿದ್ದ. ಮೂರನೆಯದಕ್ಕೆ ರೇಸಿನ ಕ್ಲಬ್ಬಿನವರೇ "ಯಮುನಕ್ಕ ಓಡಿಸಲ್ವಾ?" ಎಂದು ಕೇಳಿದರು. ಅವತ್ತು ಅವನು ರಿಮೋಟನ್ನು ಅವಳ ಮಡಿಲಿಗೆ ಹಾಕಿ ಜೀಪಿನಲ್ಲಿ ಹೋಗಿ ಕುಳಿತ.

ಜಜ್ಜಿದ ಎಂಜಿನ್ನಿನ ಬದಲು ಹೊಸದು ಕೊಳ್ಳಲು ಮೂವರೂ ಚಿತ್ರದುರ್ಗದ ನಾಸಿರನ ಅಂಗಡಿಗೆ ಹೋದರು. ನಾಸಿರ್ ಈ ಕಾರುಗಳ ಬಿಡಿಭಾಗ ತರಿಸಿ ಮಾರುತ್ತಿದ್ದ. ರೇಸು ಏರ್ಪಡಿಸುವವನೂ ಅವನೇ. ಗಾಜಿನ ಮೇಜಿನ ಮೇಲೆ ಎರಡು ಎಂಜಿನ್ ಇಟ್ಟ.

"ಇದು ನೋಡ್ರಿ, ಒಳಗೆ ಫ್ಯುಯಲ್ ನುಗ್ಗಾಕೆ ಏಳು ಕಿಂಡಿ. ನೇರ ದಾರೀಲಿ ಇದನ್ನ ಯಾರೂ ಹಿಡಿಯಲ್ಲ. ಇದು ಐದು ಕಿಂಡೀದು. ಕೆಳಗಿನಿಂದ ಎಳೀತೈತೆ, ತಿರುವಿನಿಂದ ಹೊರಗೆ ಬರೋದ್ರಲ್ಲಿ ಗಟ್ಟಿ. ಫ್ಯುಯಲ್ಲೂ ಕಮ್ಮಿ."

ಪ್ರಭು ಮೊದಲನೆಯದನ್ನು ಎತ್ತಿಕೊಂಡ. "ಇದೇ."

"ಭಾವ, ನಮ್ಮ ಕಡೆ ಗ್ರೌಂಡೆಲ್ಲಾ ಸಣ್ಣವು," ಎಂದ ಹನುಮೇಶ್. "ನೇರ ದಾರಿ ಎಷ್ಟೈತೆ ಹೇಳು. ಇದು ಕೂಗು ಹಿಡಿಯೋ ಹೊತ್ತಿಗೆ ಬ್ರೇಕ್ ಹಾಕಬೇಕು. ಸೂಜೀನೂ ಬಲು ನಾಜೂಕು. ಬೆಳಗ್ಗೆ ಒಂದು ಹದ, ಮಧ್ಯಾಹ್ನದ ಬಿಸಿಲಿಗೆ ಒಂದು. ಆ ಇನ್ನೊಂದು ಸ್ವಲ್ಪ ಹೆಚ್ಚು ಕಮ್ಮಿ ಆದ್ರೂ ತಡಕಂತೈತೆ."

"ನಿಂಗೇನ್ ಗೊತ್ತಲೇ, ಕಳೆ ಮಿಷನ್ ರಿಪೇರಿ ಮಾಡೋನಿಗೆ."

ನಾಸಿರ್ ಮಧ್ಯೆ ಬಂದ. "ಓಡಿಸೋರು ಮೇಡಂ ಅಲ್ವಾ. ಅವರನ್ನೇ ಕೇಳಾಣ ಬಿಡ್ರಿ."

ಯಮುನಾ ಎರಡನ್ನೂ ಕೈಯಲ್ಲಿ ಹಿಡಿದು ನೋಡಿದಳು. ಗಂಡನ ಮುಖ ನೋಡಲಿಲ್ಲ. "ಐದು ಕಿಂಡೀದು ಸಾಕು," ಎಂದಳು.

ಪ್ರಭು ಅವಳ ಕೆನ್ನೆಗೆ ಹೊಡೆದ. ಜೋರಾಗಿಯೇ. ಕಿವಿಯ ಓಲೆ ಹಾರಿ ಮೇಜಿನ ಗಾಜಿನ ಮೇಲೆ ಟಣ್ಣೆಂದು ಬಿತ್ತು. ಅಂಗಡಿಯಲ್ಲಿ ಬೇರೆ ಇಬ್ಬರು ಗಿರಾಕಿಗಳಿದ್ದರು. ಅವರು ಗೋಡೆಯ ಕಡೆ ತಿರುಗಿ ಟೈರುಗಳನ್ನು ನೋಡತೊಡಗಿದರು. ಹನುಮೇಶ್ ಒಂದು ಹೆಜ್ಜೆ ಮುಂದಿಟ್ಟ. ಯಮುನಾ ಕೈಯೆತ್ತಿ ಅವನನ್ನು ತಡೆದಳು. ಅವನು ನಿಂತ. ಹಾಗೆ ನಿಂತದ್ದಕ್ಕೆ ಆಮೇಲೆ ಎಷ್ಟೋ ದಿನ ಅವನು ತನ್ನನ್ನೇ ಬೈದುಕೊಂಡ.

"ಐದು ಕಿಂಡೀದೇ ಕೊಡಪ್ಪ ನಾಸಿರ್," ಎಂದ ಪ್ರಭು, ಏನೂ ಆಗಿಲ್ಲವೆಂಬಂತೆ. "ಮೇಡಂ ಹೇಳಿದಾರಲ್ಲ."

ಹೊಸ ಎಂಜಿನ್ನನ್ನು ಪಳಗಿಸಿದ್ದು ಹೊಳಲ್ಕೆರೆಯಲ್ಲಿ, ಹನುಮೇಶನ ಅಂಗಡಿಯ ಹಿಂದಿನ ಬೇವಿನ ಮರದಡಿ. ಆ ಎರಡು ದಿನ ಯಮುನಾ ರಜೆ ಹಾಕಿ ತವರಿನಲ್ಲಿದ್ದಳು. ಹೊಸ ಎಂಜಿನ್ನಿನಲ್ಲಿ ಪಿಸ್ಟನ್ ಮೇಲಕ್ಕೆ ಬಂದಾಗ ಬಿಗಿಯಾಗಿ ಕಚ್ಚಿ ನಿಲ್ಲುತ್ತದೆ. ಅದನ್ನು ಮೊದಲು ಬೆಚ್ಚಗೆ ಮಾಡಿ, ಫ್ಯುಯಲ್ ಧಾರಾಳ ಬಿಟ್ಟು, ದಟ್ಟ ಹೊಗೆ ಕಾರುತ್ತಾ ನಿಧಾನಕ್ಕೆ ಓಡಿಸಬೇಕು, ನಿಲ್ಲಿಸಿ ತಣ್ಣಗಾಗಲು ಬಿಡಬೇಕು, ಮತ್ತೆ ಓಡಿಸಬೇಕು. ಪ್ರತಿ ಸಲವೂ ಸೂಜಿಯನ್ನು ಒಂದು ಎಳೆ ಬಿಗಿಯಬೇಕು. ಹನುಮೇಶ್ ಎಂಜಿನ್ನಿನ ತಲೆಯ ಮೇಲೆ ಒಂದು ಹನಿ ನೀರು ಬಿಡುತ್ತಿದ್ದ. ಹನಿ ಚುಂಯ್‌ಗುಟ್ಟುತ್ತಾ ನಿಧಾನಕ್ಕೆ ಆರಿದರೆ ಹದ ಸರಿ. ಬಿದ್ದ ಕೂಡಲೇ ಪಟ್ಟನೆ ಹಾರಿಹೋದರೆ ಕಾದಿದೆ, ಸೂಜಿ ಸಡಿಲಿಸಬೇಕು. ಸುಟ್ಟ ಹರಳೆಣ್ಣೆಯ ವಾಸನೆ ಓಣಿಗೆಲ್ಲ ಹರಡಿತ್ತು.

"ಕಿವಿ ಕೊಡಕ್ಕ," ಎಂದು ಅವನು ಫ್ಯುಯಲ್ ಕೊಳವೆಯನ್ನು ಬೆರಳಿಂದ ಚಿವುಟಿದ. ಎಂಜಿನ್ನಿನ ಸದ್ದು ಸ್ವಲ್ಪ ಏರಿ, ಆಮೇಲೆ ಉಸಿರು ಕಳೆದುಕೊಂಡು ನಿಂತಿತು. "ಏರಿ ನಿಂತ್ರೆ ಸೂಜಿ ಸರಿ. ಏರದೆ ತಟ್ಟನೆ ನಿಂತ್ರೆ ಬಿಗಿ ಹೆಚ್ಚಾಗೈತೆ ಅಂತ."

"ನನಗೆ ಯಾಕೋ ಹೇಳ್ಕೊಡ್ತಿ? ನೀನಿರ್ತೀಯಲ್ಲ."

ಅವನು ಎಂಜಿನ್ನಿನ ತಲೆಯನ್ನು ಬಟ್ಟೆಯಿಂದ ಒರೆಸಿದ. ತಲೆ ತಗ್ಗಿಸಿಯೇ ಕೇಳಿದ: "ಮನೇಲೂ ಹೊಡೀತಾನಾ?"

"ಕೇಳಬ್ಯಾಡ."

ಹಿರಿಯೂರಿನ ರೇಸಿನಲ್ಲಿ ಅವಳು ಗೆದ್ದಳು. ನೇರ ದಾರಿಯಲ್ಲಿ ಎರಡು ಕಾರು ಅವಳನ್ನು ದಾಟಿ ಕಿರುಚಿಕೊಂಡು ಹೋಗುತ್ತಿದ್ದವು, ತಿರುವಿನಲ್ಲಿ ಅವಳು ಎರಡನ್ನೂ ಹಿಡಿಯುತ್ತಿದ್ದಳು. ಕೊನೆಗೆ ಫ್ಯುಯಲ್ ತುಂಬಿಸಲು ಆ ಎರಡು ಕಾರಿನವರು ಒಂದು ಸಲ ಹೆಚ್ಚು ನಿಂತರು, ಅಷ್ಟರಲ್ಲಿ ಮುಗಿದಿತ್ತು. ಮೈಕಿನಲ್ಲಿ ಅವಳ ಹೆಸರು ಕೂಗಿದರು. ಆಮೇಲೆ ಮೈಕಿನವನು, "ಯಮುನಾ ಮೇಡಂ ಅವರ ಯಜಮಾನ್ರು ಎಲ್ಲಿದೀರಿ, ಫೋಟೊಗೆ ಬರ್ರಿ" ಎಂದ. ಜನ ನಕ್ಕರು. ಕೆಟ್ಟ ನಗೆಯೇನಲ್ಲ ಅದು. ಪ್ರಭು ಬಂದು ಅವಳ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡ.

ವಾಪಸು ಬರುವಾಗ ಮಾರಿಕಣಿವೆ ದಾಟಿದ ಮೇಲೆ ಅವನು ಜೀಪು ನಿಲ್ಲಿಸಿದ. ಹನುಮೇಶ್ ಹಿರಿಯೂರಿನಿಂದಲೇ ಬಸ್ಸು ಹತ್ತಿದ್ದ. ಪ್ರಭು ಅವಳ ಜಡೆ ಹಿಡಿದು ಹಣೆಯನ್ನು ಎದುರಿನ ತಗಡಿಗೆ ಬಡಿದ. ಬಡಿದು, ಬಿಟ್ಟು, ಗೇರು ಹಾಕಿ ಹೊರಟ. ದಾರಿಯಲ್ಲಿ ಅಂಗಡಿಯೊಂದರ ಮುಂದೆ ನಿಲ್ಲಿಸಿ ಅವಳಿಗೆ ಎಳನೀರು ಕೊಡಿಸಿದ. ಮರುದಿನ ಲ್ಯಾಬಿನಲ್ಲಿ ಕೇಳಿದವರಿಗೆ ಅವಳು ಬಚ್ಚಲಲ್ಲಿ ಜಾರಿ ಬಿದ್ದೆ ಎಂದಳು.

ಮುಂದಿನ ರೇಸು ಹಿರೇಗುಂಟನೂರಿನ ಬಳಿ, ಬೀಳುಬಿದ್ದ ಹೊಲವೊಂದರಲ್ಲಿ. ಹಿಂದಿನ ದಿನ ಶನಿವಾರ ಮಧ್ಯಾಹ್ನ ಅವಳು ಕಾರ್ಖಾನೆಯ ಅಂಗಳದಲ್ಲಿ ಇಟ್ಟಿಗೆಗಳನ್ನು ತಿರುವಿನಂತೆ ಜೋಡಿಸಿಕೊಂಡು ಅಭ್ಯಾಸ ಮಾಡುತ್ತಿದ್ದಳು. ಕೆಲಸದವರು ಊಟ ಮುಗಿಸಿ ಸಾಲಾಗಿ ಕುಳಿತು ನೋಡುತ್ತಿದ್ದರು. ಒಂದು ಕಡೆ ಕಾರು ಇಟ್ಟಿಗೆಯ ಮೂಲೆ ಸವರಿಕೊಂಡೇ ಹೊರಳಿದಾಗ ಅವರು ಚಪ್ಪಾಳೆ ತಟ್ಟಿದರು. ಪ್ರಭು ಆಫೀಸಿನ ಬಾಗಿಲಲ್ಲಿ ನಿಂತಿದ್ದ. ಅವರನ್ನು ಕೆಲಸಕ್ಕೆ ಅಟ್ಟಿ, ಅವಳನ್ನು ಒಳಗೆ ಕರೆದ.

"ಯಾವ ಬೆರಳಲ್ಲಿ ಎಳೀತೀಯ, ತೋರ್ಸು."

ಅವಳು ತಮಾಷೆಯೆಂದುಕೊಂಡಳು. ಅವನ ದನಿ ಅಷ್ಟು ಮೆತ್ತಗಿತ್ತು. ಬಲಗೈ ತೋರುಬೆರಳನ್ನು ಮುಂದೆ ಚಾಚಿದಳು. ಅವನು ಅದನ್ನು ಮುಷ್ಟಿಯಲ್ಲಿ ಹಿಡಿದು ಹಿಂದಕ್ಕೆ ಮಡಚಿದ. ಲಟಕ್ ಎಂದ ಸದ್ದು ಅವಳಿಗೆ ಮೊದಲು ಕೇಳಿಸಿತು, ನೋವು ಆಮೇಲೆ ಬಂತು. ಅವಳು ಮೊಣಕಾಲೂರಿ ಕುಸಿದಳು. ಕೂಗು ಹೊರಗೆ ಹೋಗದಂತೆ ಅವನು ಇನ್ನೊಂದು ಅಂಗೈಯಿಂದ ಅವಳ ಬಾಯಿ ಮುಚ್ಚಿದ್ದ.

"ನಾಳೆ ನಾನು ಓಡಿಸ್ತೀನಿ," ಎಂದ. "ಕಾರು ನಂದು."

ಬೆರಳಿಗೆ ಅವಳೇ ಐಸ್‌ಕ್ರೀಮ್ ಕಡ್ಡಿ ಇಟ್ಟು ಪಟ್ಟಿ ಸುತ್ತಿಕೊಂಡಳು. ಊದಿ ಬೆರಳು ನೀಲಿಗಟ್ಟಿತ್ತು. ಭಾನುವಾರ ಬೆಳಗ್ಗೆ ಬರುವುದಿಲ್ಲ ಎಂದಳು. "ಬರಬೇಕು. ಬರ್ಲಿಲ್ಲ ಅಂದ್ರೆ ಜನ ಕೇಳ್ತಾರೆ" ಎಂದು ಅವನೇ ಸೀರೆ ತೆಗೆದುಕೊಟ್ಟ.

ಹಿರೇಗುಂಟನೂರಿನ ಬಯಲಿನಲ್ಲಿ ಬಿಸಿಲು ಏರಿತ್ತು. ದೂರದ ಗುಡ್ಡಸಾಲಿನ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಒಂದೊಂದು ತಂಡಕ್ಕೆ ಒಂದೊಂದು ಶಾಮಿಯಾನದ ನೆರಳು, ಒಂದು ಮೇಜು. ನಾಸಿರ್ ಪ್ರತಿ ಮೇಜಿನ ಹತ್ತಿರ ಎರಡು ಬಕೆಟ್ ನೀರು, ಒಂದು ನೆನೆಸಿದ ಗೋಣಿಚೀಲ ಇಡಿಸಿದ್ದ. ಮೆಥನಾಲ್ ಹತ್ತಿಕೊಂಡರೆ ಬಿಸಿಲಲ್ಲಿ ಅದರ ಉರಿ ಕಣ್ಣಿಗೆ ಕಾಣುವುದಿಲ್ಲ, ಹೊಗೆಯೂ ಅಷ್ಟಾಗಿ ಏಳುವುದಿಲ್ಲ. ಮೇಜಿನ ಹತ್ತಿರ ಯಾರೂ ಬೆಂಕಿ ಹೊತ್ತಿಸಬಾರದು ಎಂದು ಪ್ರತಿ ರೇಸಿಗೂ ಮೈಕಿನಲ್ಲಿ ಹೇಳಿಸುತ್ತಿದ್ದ. ಪ್ರತಿ ಸಲವೂ ಕೇಳಿ ಜನಕ್ಕೆ ಅದು ಕಿವಿಗೇ ಬೀಳುತ್ತಿರಲಿಲ್ಲ.

ಹನುಮೇಶ್ ಅಕ್ಕನ ಕೈ ನೋಡಿದ. "ಏನಾತು?"

"ಜೀಪಿನ ಬಾಗಿಲು."

"ಅಕ್ಕ."

"ಬಾಗಿಲು ಅಂದ್ನಲ್ಲ."

ಪ್ರಭು ರಿಮೋಟ್ ಹಿಡಿದು ಓಡಿಸುವವರ ಅಟ್ಟಣಿಗೆ ಹತ್ತುವ ಮುಂಚೆ ಕಾರಿನ ಮೇಲೆ ಬಾಗಿ ಸೂಜಿಯನ್ನು ಬಿಗಿದದ್ದನ್ನು ಇಬ್ಬರೂ ನೋಡಿದರು. "ಭಾವ, ಈ ಬಿಸಿಲಿಗೆ ಸಡಿಲ ಮಾಡಬೇಕು, ಬಿಗಿ ಮಾಡಬ್ಯಾಡ," ಎಂದ ಹನುಮೇಶ್. ಪ್ರಭು ಕೇಳಿಸದವನಂತೆ ನಡೆದ.

ಮೊದಲ ಕೆಲವು ಸುತ್ತು ಕಾರು ಹಿಂದೆಂದೂ ಓಡದಂತೆ ಓಡಿತು. ಎಂಜಿನ್ನಿನ ಕೂಗು ಸೀಳಿಕೊಂಡು ಬರುತ್ತಿತ್ತು. ಜನ ಎದ್ದು ನಿಂತರು. ಅಟ್ಟಣಿಗೆಯ ಮೇಲೆ ಪ್ರಭುವಿನ ಮುಖ ಅರಳಿತ್ತು. ಯಮುನಾ ಕೆಳಗಿನಿಂದ ಅದನ್ನು ನೋಡಿ, ಗೆದ್ದರೆ ಗೆಲ್ಲಲಿ, ಇವತ್ತೊಂದು ದಿನ ಗೆದ್ದುಬಿಡಲಿ ಎಂದುಕೊಂಡಳು. ಆಮೇಲೆ ಹೊಗೆ ನಿಂತುಹೋಯಿತು. ಹೊಗೆಯಿಲ್ಲವೆಂದರೆ ಎಣ್ಣೆಯಿಲ್ಲ. ದಿಬ್ಬ ಹತ್ತಿ ಗಾಳಿಗೆ ನೆಗೆದಾಗಲೇ ಎಂಜಿನ್ ಸತ್ತಿತು. ಕಾರು ಮೂತಿ ಕೆಳಗೆ ಮಾಡಿ ಬಿದ್ದು ಮೂರು ಪಲ್ಟಿ ಹೊಡೆಯಿತು.

ಇನ್ನೂ ಒಂದು ಸುತ್ತಿನ ರೇಸು ಬಾಕಿಯಿತ್ತು. ತಣ್ಣಗಾದ ಮೇಲೆ ಎಂಜಿನ್ ತಿರುಗಿತು, ಆದರೆ ಬಿದ್ದ ಹೊಡೆತಕ್ಕೆ ಮುರಿದ ಚಕ್ರದ ಅಚ್ಚನ್ನು ಬಿಚ್ಚಬೇಕು. ಅದರ ಸ್ಕ್ರೂ ಅಂಟು ಹಾಕಿ ಬಿಗಿದದ್ದು, ಬಿಸಿ ತೋರಿಸದೆ ಬರುವುದಿಲ್ಲ. ಅದಕ್ಕೆಂದು ಹನುಮೇಶನ ಪೆಟ್ಟಿಗೆಯಲ್ಲಿ ಒಂದು ಸಣ್ಣ ಗ್ಯಾಸ್ ಟಾರ್ಚ್ ಇತ್ತು. ಅವನು ಯಾವಾಗಲೂ ಕಾರನ್ನು ದೂರದ ಬಯಲಿಗೆ ಒಯ್ದು ಹೊತ್ತಿಸುತ್ತಿದ್ದ. ಪ್ರಭು ಮೇಜಿನ ಹತ್ತಿರವೇ ಹೊತ್ತಿಸಿದ. ಟಾರ್ಚ್ ಬುಸುಗುಟ್ಟಿತು.

"ಹೊರಗೆ ಒಯ್ಯಾಣ ಭಾವ."

"ಸುಮ್ನಿರಲೇ. ನೀನು ಮಾಡಿದ ಎಂಜಿನ್ನು. ನೀನೇ ಏನೋ ಮಾಡೀಯ ಇದಕ್ಕೆ."

ಆಗ ಯಮುನಾ ಹೇಳಿದಳು. ಯಾಕೆ ಹೇಳಿದೆನೆಂದು ಅವಳಿಗೆ ಆಮೇಲೂ ತಿಳಿಯಲಿಲ್ಲ. "ಅವನೇನೂ ಮಾಡಿಲ್ಲ. ಸೂಜಿ ನೀವು ಬಿಗಿ ಮಾಡಿದ್ರಿ. ಅದಕ್ಕೇ ನಿಂತೋತು."

ಪ್ರಭು ಎಡಗೈಯಲ್ಲಿದ್ದ ರಿಮೋಟನ್ನು ಬೀಸಿ ಅವಳ ಮುಖಕ್ಕೆ ಹೊಡೆದ. ತುಟಿ ಸೀಳಿ ಹಲ್ಲು ಕಂಡಿತು. ಅವಳು ತಡವರಿಸಿ ಮೇಜಿನ ಕಾಲು ಹಿಡಿದಳು; ಮುರಿದ ಬೆರಳು ಅಡಿಗೆ ಸಿಕ್ಕಿ, ಹಿಂದಿನ ದಿನ ಮುಚ್ಚಿಟ್ಟಿದ್ದ ಕೂಗು ಈಗ ಹೊರಬಂತು. "ಒಂದು ಬೆರಳಿಗೆ ಬುದ್ಧಿ ಬರ್ಲಿಲ್ಲ ನಿಂಗೆ," ಎಂದು ಪ್ರಭು ತಿರುಗಿ, ಬಾಗಿ, ಸ್ಕ್ರೂವಿಗೆ ಟಾರ್ಚ್ ಹಿಡಿದ. ಅವನ ಬೆನ್ನು ಅವರಿಬ್ಬರ ಕಡೆಗಿತ್ತು.

ಹನುಮೇಶನ ಕೈಯಲ್ಲಿ ಫ್ಯುಯಲ್ ತುಂಬುವ ಬಾಟಲಿಯಿತ್ತು. ಹಿಚುಕಿದರೆ ಬಾಗಿದ ಮೂತಿಯಿಂದ ಚಿಮ್ಮುವಂಥದು. ಅವನು ಭಾವನ ಹತ್ತಿರ ನಡೆದುಹೋಗಿ, ಅವನ ಕುತ್ತಿಗೆಗೆ, ಬೆನ್ನಿಗೆ, ಹೆಗಲಿನ ಮೇಲಿಂದ ಟಾರ್ಚ್ ಹಿಡಿದ ಕೈಗೆ ಎರಡೂ ಕೈಯಿಂದ ಹಿಚುಕಿದ. ಬಾಟಲಿ ಚಪ್ಪೆಯಾಗುವವರೆಗೂ ಹಿಚುಕಿದ.

ಬುಸ್ ಎಂಬ ಒಂದು ಸದ್ದಾಯಿತು. ಅಷ್ಟೇ.

ಪ್ರಭು ಟಾರ್ಚ್ ಎಸೆದು ನೆಟ್ಟಗೆ ನಿಂತ. ಕೈ ಕೊಡವಿದ. ಕುತ್ತಿಗೆಗೆ ಬಡಿದುಕೊಂಡ. ನೆರಳಿನಿಂದ ಬಿಸಿಲಿಗೆ ಓಡಿ ಗಿರಗಿರ ತಿರುಗತೊಡಗಿದ. ಪಕ್ಕದ ಶಾಮಿಯಾನದವರಿಗೆ ಬೆಂಕಿ ಕಾಣಲಿಲ್ಲ. ಸಿಟ್ಟಿನಲ್ಲಿ ಕುಣಿಯುತ್ತಿದ್ದಾನೆಂದುಕೊಂಡು ಒಬ್ಬ ನಕ್ಕ. "ಏ ಹಿಡ್ಕಳ್ರಲೇ, ಹೊಡೆದಾಡ್ತಾರೆ" ಎನ್ನುತ್ತಾ ನಾಸಿರ್ ಓಡಿ ಬಂದು ಅವನ ತೋಳಿಗೆ ಕೈ ಹಾಕಿದ, ಚೀರಿ ಹಿಂದೆ ಸರಿದ. ಅಂಗೈಯ ಚರ್ಮ ಸುಲಿದಿತ್ತು. ಅದನ್ನು ನೋಡಿ ಬಂದವರೆಲ್ಲ ಅಲ್ಲೇ ನಿಂತರು. ಅವರ ಮುಂದೆ ಒಬ್ಬ ಮನುಷ್ಯ ಬೋಳು ಬಿಸಿಲಿನಲ್ಲಿ ಕಿರುಚುತ್ತಾ ಹೊರಳುತ್ತಿದ್ದ. ಅವನ ಅಂಗಿಯ ಕಾಲರು ತಾನಾಗಿಯೇ ಕಪ್ಪಾಗಿ ಸುರುಟಿಕೊಳ್ಳುತ್ತಿತ್ತು. ಕೂದಲು ಹುರಿಗಟ್ಟಿ ಉದುರುತ್ತಿತ್ತು. ಅವನ ಮೈಮೇಲಿನ ಗಾಳಿ ಮಾತ್ರ ನೀರಿನಂತೆ ನಡುಗುತ್ತಿತ್ತು.

ಯಮುನಾಳಿಗೆ ಮೊದಲ ಕ್ಷಣದಲ್ಲೇ ತಿಳಿದಿತ್ತು. ಅವಳು ಎಡಗೈಯಲ್ಲಿ ಬಕೆಟ್ ಎತ್ತಿಕೊಂಡಿದ್ದಳು. ಎತ್ತಿಕೊಂಡು ನಿಂತಿದ್ದಳು. ತುಟಿಯ ರಕ್ತ ಗಲ್ಲದಿಂದ ಇಳಿದು ಬಕೆಟ್ಟಿನ ನೀರಿಗೆ ಬೀಳುತ್ತಿತ್ತು. ಗಂಡ ಒಂದು ಸಲ ಅವಳ ಕಡೆ ಮುಖ ತಿರುಗಿಸಿದ. ಅವನ ಹುಬ್ಬು ಇರಲಿಲ್ಲ. ಅವಳು ಆಗಲೂ ನಿಂತೇ ಇದ್ದಳು. ಕಾಲು ಮುಂದಕ್ಕೆ ಬರಲಿಲ್ಲವೆಂದಲ್ಲ, ಅವಳು ಇಡಲಿಲ್ಲ.

ಆಮೇಲೆ ಇಟ್ಟಳು. ಒಂದು ಬಕೆಟ್ ಸುರಿದಳು, ಇನ್ನೊಂದು ತಂದು ಸುರಿದಳು, ನೆನೆದ ಗೋಣಿಯನ್ನು ಅವನ ತಲೆಗೂ ಹೆಗಲಿಗೂ ಸುತ್ತಿ, ಅದರ ಮೇಲೆ ತಾನೇ ಬಿದ್ದು ಒತ್ತಿ ಹಿಡಿದಳು. ಅವನು ಒಳಗಿನಿಂದ ಒದ್ದ, ಅವಳು ಬಿಡಲಿಲ್ಲ. ಸುಟ್ಟ ಮಾಂಸದ ವಾಸನೆಗೆ ಹರಳೆಣ್ಣೆಯ ವಾಸನೆ ಬೆರೆತಿತ್ತು. ಹನುಮೇಶ್ ಚಪ್ಪೆಯಾದ ಬಾಟಲಿ ಹಿಡಿದೇ ನೆಲದಲ್ಲಿ ಕುಳಿತಿದ್ದ. ಅವನ ಬಲ ಮುಂಗೈಯೂ ಬೆಂದಿತ್ತು; ಅವನು ಅದನ್ನು ನೋಡಿಕೊಂಡಿರಲಿಲ್ಲ.

ಪ್ರಭುವನ್ನು ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗೆ ಸೇರಿಸಿದರು. ಕುತ್ತಿಗೆ, ಬೆನ್ನಿನ ಮೇಲ್ಭಾಗ, ಬಲಗೈ, ಒಂದು ಕಿವಿ ಬೆಂದಿದ್ದವು. ಬದುಕುತ್ತಾನೆ ಎಂದರು ವೈದ್ಯರು. ಕಿವಿ ಉಳಿಯುವುದು ಕಷ್ಟ. ಯಮುನಾಳ ತುಟಿಗೆ ಹೊಲಿಗೆ ಹಾಕಿ ಬೆರಳಿಗೆ ಪ್ಲಾಸ್ಟರ್ ಹಾಕಿದರು. ಮೂಳೆ ಜಾಗ ಬಿಟ್ಟು ಒಂದು ದಿನವಾಗಿದೆ, ನೆಟ್ಟಗೆ ಕೂಡುವುದಿಲ್ಲ ಎಂದರು.

ಪೊಲೀಸರು ಬರುವ ಮುಂಚೆ ಅವಳ ಮಾವ ಶಿವಕುಮಾರಪ್ಪ ಬಂದರು. ಎಂದೂ ದನಿ ಎತ್ತರಿಸದ ಮನುಷ್ಯ. ಅವಳ ಪಕ್ಕದ ಬೆಂಚಿನಲ್ಲಿ ಕುಳಿತು ಟವೆಲಿನಿಂದ ಕಣ್ಣೊರೆಸಿಕೊಂಡರು.

"ನೋಡಮ್ಮ, ಆಗಿದ್ದು ಆತು. ಟಾರ್ಚ್ ಹಚ್ಚಿದಾಗ ಫ್ಯುಯಲ್ ಚೆಲ್ತು ಅಂತ ಹೇಳ್ಬಿಡಾಣ. ಪ್ರಭೂಗೂ ಹಂಗೇ ಹೇಳು ಅಂದೀನಿ. ನಿನ್ನ ತಮ್ಮ ಜೈಲಿಗೆ ಹೋಗಬಾರದು. ನೀನು ಮನೆಗೆ ಬಂದು ಅವನ್ನ ನೋಡ್ಕಬೇಕು, ಅಷ್ಟೇ ನಾನು ಕೇಳಾದು."

"ಬೆರಳು ಮಾವ?"

"ಬೆರಳು ಬಾಗಿಲಿಗೆ ಸಿಕ್ಕಿದ್ದಲ್ವೇನಮ್ಮ. ನೀನೇ ಹೇಳಿದ್ಯಂತೆ."

ಸಂಜೆ ಹೊಳಲ್ಕೆರೆಯಿಂದ ತಾಯಿ ತಿಪ್ಪಮ್ಮ ಬಂದಳು. ಅವಳೂ ಮಗಳ ಕೈ ಹಿಡಿದು ಅದನ್ನೇ ಹೇಳಿದಳು. "ಒಬ್ಬನೇ ಮಗ ಕಣೆ. ಹೆಂಗಾದ್ರೂ ತಡ್ಕಳೆ ತಾಯಿ." ಯಮುನಾ ತಾಯಿಯ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು, ಕೈಗೆ ಕಟ್ಟು ಹಾಕಿಸಿಕೊಂಡು ಮೆಟ್ಟಿಲ ಮೇಲೆ ಕುಳಿತಿದ್ದ ತಮ್ಮನ ಹತ್ತಿರ ಹೋದಳು.

"ನಾನು ಏನ್ ಹೇಳ್ಲಿ ಹನುಮೇಶ?"

ಅವನ ತುಟಿ ಒಣಗಿತ್ತು. "ನಿನ್ನಿಷ್ಟ," ಎಂದ, ಅವಳ ಕಣ್ಣು ತಪ್ಪಿಸಿ. ಹೆದರಿದ್ದಾನೆಂದು ಅವಳಿಗೆ ಗೊತ್ತಾಯಿತು. ಸುಳ್ಳು ಹೇಳು ಎಂದು ಬಾಯಿಬಿಟ್ಟು ಕೇಳಲಾರದೆ ಕೇಳುತ್ತಿದ್ದಾನೆ ಎಂದೂ ಗೊತ್ತಾಯಿತು.

ಸಬ್ ಇನ್‌ಸ್ಪೆಕ್ಟರ್ ಜೊತೆ ಒಬ್ಬ ಮಹಿಳಾ ಪೇದೆ ಇದ್ದಳು. ಯಮುನಾ ಹೊಲಿಗೆ ಹಾಕಿದ ತುಟಿಯಿಂದ ನಿಧಾನವಾಗಿ ಮಾತಾಡಿದಳು.

"ಶನಿವಾರ ನನ್ನ ಬೆರಳು ಮುರಿದಿದ್ದು ನನ್ನ ಗಂಡ. ಬಾಗಿಲಲ್ಲ. ನಿನ್ನೆ... ಅಲ್ಲ, ಇವತ್ತು ಬೆಳಗ್ಗೆ ರಿಮೋಟಲ್ಲಿ ಹೊಡೆದಿದ್ದೂ ಅವರೇ. ಇದಕ್ಕೆ ಮುಂಚೇನೂ ಹೊಡೆದಾರೆ, ಎಲ್ಲಾ ಹೇಳ್ತೀನಿ."

"ಬೆಂಕಿ?"

"ಫ್ಯುಯಲ್ ಎರಚಿದ್ದು ನನ್ನ ತಮ್ಮ."

"ನಿಮ್ಮನ್ನ ಹೊಡೀತಿರುವಾಗಲಾ? ಬಿಡ್ಸಕ್ಕೆ ಅಂತಲಾ?" ಎಂದು ಸಬ್ ಇನ್‌ಸ್ಪೆಕ್ಟರ್ ಕೇಳಿದರು. ಕೇಳಿದ ರೀತಿಯಲ್ಲಿ ಸಣ್ಣದೊಂದು ದಾರಿ ತೆರೆದಿತ್ತು.

ಅವಳು ತಮ್ಮ ಕುಳಿತಿದ್ದ ಮೆಟ್ಟಿಲ ಕಡೆ ನೋಡಿದಳು. "ಇಲ್ಲ ಸಾರ್. ಹೊಡೆದು ಮುಗಿದಿತ್ತು. ಅವರು ಆ ಕಡೆ ತಿರುಗಿ ಕೆಲಸ ಮಾಡ್ತಿದ್ರು. ಆಗ ಎರಚಿದ. ಎರಡೂ ಬರ್ಕಳ್ರಿ. ಒಂದು ಬರೆದು ಒಂದು ಬಿಡಬ್ಯಾಡ್ರಿ."

ಎರಡೂ ಕೇಸು ದಾಖಲಾದವು. ಪ್ರಭುವಿನ ಮೇಲಿನದಕ್ಕೆ ಅವನು ಆಸ್ಪತ್ರೆಯಲ್ಲಿದ್ದಾಗಲೇ ಜಾಮೀನಾಯಿತು. ಹನುಮೇಶನನ್ನು ಕೈಯ ಕಟ್ಟಿನೊಂದಿಗೇ ಒಯ್ದರು. ಅಂಗಡಿಗೆ ಬೀಗ ಬಿತ್ತು. ತಿಪ್ಪಮ್ಮ ತವರಿಗೆ ಬಂದ ಮಗಳೊಂದಿಗೆ ಮಾತು ಬಿಟ್ಟಳು. ಆದರೂ ಮನೆಯಿಂದ ಹೋಗು ಎನ್ನಲಿಲ್ಲ, ತಟ್ಟೆಯಲ್ಲಿ ಮುದ್ದೆ ಇಟ್ಟು ಒಳಗೆ ಹೋಗುತ್ತಿದ್ದಳು. ಯಮುನಾ ಹೊಸದುರ್ಗದ ಕೆಲಸ ಬಿಟ್ಟು ಹೊಳಲ್ಕೆರೆಯಲ್ಲೇ ಇನ್ನೊಂದು ಲ್ಯಾಬಿಗೆ ಸೇರಿದಳು. ಬೆರಳು ಸೊಟ್ಟಗೆ ಕೂಡಿಕೊಂಡಿತು. ರಕ್ತ ತೆಗೆಯುವ ಸೂಜಿ ಹಿಡಿಯುವುದನ್ನು ಹೆಬ್ಬೆರಳು, ನಡುಬೆರಳಿನಲ್ಲಿ ಕಲಿತಳು.

ಹನುಮೇಶ್ ಜಾಮೀನಿನ ಮೇಲೆ ಬಂದಾಗ ಕೆನ್ನೆ ಒಳಕ್ಕೆ ಹೋಗಿತ್ತು. ಜೈಲಿನಲ್ಲಿ ಯಾರೋ ಹೊಡೆದು ಮುಂದಿನ ಹಲ್ಲು ಹೋಗಿತ್ತು. ಅವನು ಅಕ್ಕನ ಕಡೆ ನೋಡದೆ ಬೆಳಗ್ಗೆ ಅಂಗಡಿಗೆ ಹೋಗಿ ಕತ್ತಲಾಗುವಾಗ ಬರುತ್ತಿದ್ದ. ಒಂದು ಮಧ್ಯಾಹ್ನ ಅವಳೇ ಬುತ್ತಿ ಒಯ್ದಳು. ಅವನು ಕಳೆ ಯಂತ್ರವೊಂದನ್ನು ಬಿಚ್ಚುತ್ತಿದ್ದ. ಬುತ್ತಿಯನ್ನು ಮೇಜಿನ ಮೇಲಿಟ್ಟು ಅವಳು ಹೊರಟಾಗ ಅವನು ಬೆನ್ನ ಹಿಂದಿನಿಂದ ಹೇಳಿದ:

"ಟಾರ್ಚ್ ಹತ್ತಿರಾದು ಗೊತ್ತಿತ್ತು ನಂಗೆ. ಗೊತ್ತಿದ್ದೇ ಎರಚಿದ್ದು. ಬಿಡ್ಸಕ್ಕಲ್ಲ."

"ನೋಡ್ದೆ ನಾನು."

"ಸಾಯ್ಲಿ ಅಂತಾನೇ ಇತ್ತು." ಅವನು ಸ್ಪಾನರ್ ಕೆಳಗಿಟ್ಟ. "ಯಾಕೆ ಆರಿಸ್ದೆ?"

ಅವಳು ಬಾಗಿಲ ಚೌಕಟ್ಟಿಗೆ ಒರಗಿದಳು. "ತಕ್ಷಣ ಆರಿಸ್ಲಿಲ್ಲ ಹನುಮೇಶ. ಬಕೆಟ್ ಹಿಡ್ಕಂಡು ನಿಂತಿದ್ದೆ. ಅವರು ನನ್ನ ನೋಡಿದ್ರು, ಆಗ್ಲೂ ನಿಂತಿದ್ದೆ. ಉರೀತಿರಾದು ನೋಡಿ ಒಳಗೆ ತಣ್ಣಗಾಯ್ತು. ಆ ತಣ್ಣಗಾಗಿದ್ದಕ್ಕೇ ಭಯ ಬಿತ್ತು ನಂಗೆ. ಅದಕ್ಕೆ ಆರಿಸ್ದೆ."

"ಇದನ್ನ ಪೊಲೀಸ್ರಿಗೆ ಹೇಳಿದ್ಯಾ?"

"ಕೇಳ್ಲಿಲ್ಲ ಅವರು. ಕೇಳಿದ್ರೆ ಹೇಳ್ತಿದ್ದೆ."

ಅವನು ಕೈ ತೊಳೆದು ಬಂದು ಬುತ್ತಿ ಬಿಚ್ಚಿದ. ಅವಳು ಹೋಗಲಿಲ್ಲ, ಎದುರಿನ ಸ್ಟೂಲಿನಲ್ಲಿ ಕುಳಿತಳು. ಮುಂದಿನ ಹಲ್ಲಿಲ್ಲದೆ ಅವನು ರೊಟ್ಟಿ ಕಚ್ಚಲು ಕಷ್ಟಪಡುವುದನ್ನು ಕಂಡು ಚೂರು ಮಾಡಿ ಕೊಟ್ಟಳು.

ಕೇಸು ಇನ್ನೂ ನಡೆಯುತ್ತಿದೆ. ವಾಯಿದೆಯ ದಿನ ಅಕ್ಕ ತಮ್ಮ ಹೊಳಲ್ಕೆರೆಯಿಂದ ಒಂದೇ ಬಸ್ಸಿನಲ್ಲಿ ಚಿತ್ರದುರ್ಗಕ್ಕೆ ಹೋಗುತ್ತಾರೆ. ಅವನು ಆರೋಪಿ, ಅವಳು ಅವನ ವಿರುದ್ಧದ ಸಾಕ್ಷಿ. ಒಂದು ಸಲ ಕೋರ್ಟಿನ ಮೊಗಸಾಲೆಯಲ್ಲಿ ಪ್ರಭು ಎದುರಾದ. ಕುತ್ತಿಗೆಯ ಚರ್ಮ ಎಳೆದುಕೊಂಡು ತಲೆ ಒಂದು ಕಡೆಗೆ ವಾಲಿತ್ತು. ಕಿವಿಯಿದ್ದಲ್ಲಿ ಗುಲಾಬಿ ಬಣ್ಣದ ಗಂಟಿತ್ತು. ಅವನು ಏನೋ ಹೇಳಲು ಬಾಯಿ ತೆರೆದ. ಅವಳು ನಿಂತು ಕಾದಳು. ಅವನು ಗೋಡೆಯ ಕಡೆ ಸರಿದ, ಅವಳು ದಾಟಿ ಹೋದಳು.

ಅವತ್ತು ಕಟಕಟೆಯಲ್ಲಿ ಅವಳು ಆಸ್ಪತ್ರೆಯಲ್ಲಿ ಹೇಳಿದ್ದನ್ನೇ ಹೇಳಿದಳು, ಒಂದು ಮಾತೂ ಬದಲಿಸಲಿಲ್ಲ. ಹನುಮೇಶ್ ತಲೆ ತಗ್ಗಿಸಿ ಕೇಳಿಸಿಕೊಂಡ. ಸಂಜೆಯ ಬಸ್ಸು ತುಂಬಿತ್ತು. ಅವನು ಮೊದಲೇ ಹತ್ತಿ ಕಿಟಕಿಯ ಪಕ್ಕ ಟವೆಲ್ ಹಾಕಿ ಸೀಟು ಹಿಡಿದಿದ್ದ. ಅವಳು ಬಂದಾಗ ಟವೆಲ್ ಎತ್ತಿಕೊಂಡು, "ಕುಂತ್ಕಳಕ್ಕ," ಎಂದ.